ಮಗುವನ್ನು ಯಾರು ಹಿಡಿದುಕೊಳ್ಳುವುದು?



ಮಕ್ಕಳಿಲ್ಲದವರು ಮಕ್ಕಳನ್ನು ಸಾಕುವ ಬಗ್ಗೆ ಬಾಯಿ ಹಾಕಬಾರದು ಎಂದು ನಮ್ಮ ತಾಯಿ ಆಗಾಗ ಹೇಳುತ್ತಿದ್ದರು. ಮಾತು ನಿಜವೇ. ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿದೆವು. ಎರಡು ವರ್ಷದ ಮಗುವನ್ನು ಒಂದು ಗಂಟೆ ಹೊತ್ತು ನೋಡಿಕೊಳ್ಳುವುದು ಹೇಗೆಂದು ಅಲ್ಲಿ ಯಾರೂ ಹೇಳಿಕೊಡಲಿಲ್ಲ. ಆ ಪಾಠ ನಮಗೆ 2024ರ ಏಪ್ರಿಲ್ ಕೊನೆಯಲ್ಲಿ ಆಯಿತು, ಅದೂ ಒಂದು ಥೀಮ್ ಪಾರ್ಕಿನ ಕಲ್ಲುಬೆಂಚಿನ ಮೇಲೆ. ಹಾಗಾಗಿ ಈ ತಿಂಗಳು ತಾಯಿಯ ಮಾತು ಮೀರಿ ಬರೆಯುತ್ತಿದ್ದೇವೆ.

ಶಾಲೆಗಳಿಗೆ ರಜೆ ಬಿಟ್ಟಿತ್ತು. ನಮ್ಮ ಹೊಸೂರು ಕಡೆಯ ಕೆಲವು ಕುಟುಂಬಗಳು ಸೇರಿ ಒಂದು ಬಸ್ಸು ಮಾಡಿಕೊಂಡು ಬೆಂಗಳೂರಿನ ಹೊರವಲಯದ ಪಾರ್ಕೊಂದಕ್ಕೆ ಹೊರಟಿದ್ದವು. "ಫಾದರ್, ನೀವು ನಮ್ಮ ಮನೆಗಳಿಗೆ ಬರೋದು ಮದುವೆಗೆ, ಇಲ್ಲ ಸಾವಿಗೆ. ಒಂದು ಸಲ ಆಟಕ್ಕೂ ಬನ್ನಿ" ಎಂದರು. ಬೆಳಿಗ್ಗೆ ಆರಕ್ಕೆ ಹೊರಟೆವು. ನಮ್ಮ ಮುಂದಿನ ಸೀಟಿನಲ್ಲಿ ಒಂದು ಕುಟುಂಬ: ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಂಡ, ಹೆಂಡತಿ, ಅತ್ತೆ, ಕಾಲೇಜಿಗೆ ಹೋಗುವ ಮೈದುನ, ಮತ್ತೆ ಎರಡು ವರ್ಷ ತುಂಬಿದ ಪಾಪು. ಪಾಪುವಿಗೆ ಸೊಗಸಾದ ದೀಕ್ಷಾಸ್ನಾನದ ಹೆಸರೊಂದಿದೆ. ಆದರೆ ಅದು ದಾಖಲೆ ಪುಸ್ತಕದಲ್ಲಿದೆ. ಮನೆಯಲ್ಲಿ ಅವನು ಪಾಪು. ಈ ವಿಷಯ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಅತ್ತಿಬೆಲೆ ದಾಟುವ ತನಕ ಪಾಪು ಕಿಟಕಿಯಲ್ಲಿ ಲಾರಿ ಎಣಿಸಿದ. ಅವನ ಎಣಿಕೆಯಲ್ಲಿ ಎಲ್ಲ ಲಾರಿಗಳೂ ಎರಡನೆಯವೇ. ಆಮೇಲೆ ತಾಯಿಯ ಸೀರೆಯ ಮೇಲೆ ವಾಂತಿ ಮಾಡಿಕೊಂಡು ಮಲಗಿಬಿಟ್ಟ. ಪಾರ್ಕಿನ ಬಾಗಿಲಲ್ಲಿ ಎಬ್ಬಿಸಿದಾಗ ಅಳುತ್ತಲೇ ಎದ್ದ.

ಟಿಕೆಟ್ ಕೊಡುವಲ್ಲಿ ಗೋಡೆಗೆ ಅಳತೆ ಪಟ್ಟಿ ಬರೆದಿರುತ್ತಾರೆ. ಇಂಥ ಪಾರ್ಕುಗಳಲ್ಲಿ ಮಗುವಿನ ವಯಸ್ಸಿಗಿಂತ ಎತ್ತರ ಮುಖ್ಯ. ಬಿಡದಿಯ ವಂಡರ್‌ಲಾದಲ್ಲಿ 85 ಸೆಂಟಿಮೀಟರ್‌ಗಿಂತ ಕುಳ್ಳಗಿದ್ದರೆ ಟಿಕೆಟ್ ಇಲ್ಲ, ಅಲ್ಲಿಂದ 140ರ ವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ಪೂರ್ತಿ ಟಿಕೆಟ್. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಎರಡು ವರ್ಷದ ಗಂಡುಮಗುವಿನ ನಡುಮಟ್ಟದ ಎತ್ತರ ಸುಮಾರು 87 ಸೆಂಟಿಮೀಟರ್, ಹೆಣ್ಣುಮಗುವಿನದು ಸುಮಾರು 86. ಅಂದರೆ ಎರಡನೆಯ ಹುಟ್ಟುಹಬ್ಬದ ಆಸುಪಾಸಿನಲ್ಲೇ ಮಗು ಆ ಗೆರೆ ದಾಟುವುದು. ನಾವು ಹೋದ ಪಾರ್ಕಿನಲ್ಲೂ ಹೆಚ್ಚುಕಡಿಮೆ ಅದೇ ಲೆಕ್ಕ. ಪಾಪುವಿನ ನೆತ್ತಿಯ ಕೂದಲನ್ನು ಅಜ್ಜಿ ಅಂಗೈಯಲ್ಲಿ ಒತ್ತಿ ಹಿಡಿದರೂ ಅವನು ಗೆರೆಗಿಂತ ಒಂದು ಬೆರಳು ಮೇಲೆಯೇ ನಿಂತ. ಮನೆಯಲ್ಲಿ ಮಗ ಬೆಳೆಯುತ್ತಿಲ್ಲ ಎಂದು ದಿನಾ ಕೊರಗುವ ಅಪ್ಪ ಅಲ್ಲಿ ಮಾತ್ರ ಮಗ ಬೆಳೆದದ್ದಕ್ಕೆ ಮುಖ ಸಣ್ಣ ಮಾಡಿದ್ದು ನೋಡಿ ನಮಗೆ ನಗು ತಡೆಯಲಿಲ್ಲ.

ಟಿಕೆಟ್ ಕೊಂಡರೂ ಪಾಪುವಿಗೆ ಅಲ್ಲಿ ಇದ್ದದ್ದು ಬೆರಳೆಣಿಕೆಯ ಆಟಗಳು. ದೊಡ್ಡ ರೈಡುಗಳ ಬಾಗಿಲಲ್ಲಿ ಮತ್ತೆ ಅಳತೆ ಕೋಲು. 120, 140 ಎಂದು ಬರೆದಿರುತ್ತದೆ. ಅದು ಕಾಸಿನ ಲೆಕ್ಕವಲ್ಲ. ಮೈಮೇಲೆ ಬಂದು ಕೂರುವ ಕಬ್ಬಿಣದ ಪಟ್ಟಿ ದೊಡ್ಡವರ ಭುಜಕ್ಕೆ, ತೊಡೆಗೆ ತಕ್ಕ ಹಾಗೆ ಮಾಡಿದ್ದು. ಚಿಕ್ಕ ಮೈ ಅದರಡಿಯಿಂದ ಜಾರುತ್ತದೆ. "ನಾನು ಗಟ್ಟಿಯಾಗಿ ಹಿಡ್ಕೋತೀನಿ, ಬಿಡಿ ಸಾರ್" ಎಂದು ಬಾಗಿಲಲ್ಲಿ ಜಗಳ ಆಡುವ ಅಪ್ಪಂದಿರನ್ನು ಅಂದು ಮೂವರನ್ನಾದರೂ ಕಂಡೆವು. ರೈಡು ತಲೆಕೆಳಗಾದಾಗ ಯಾವ ಅಪ್ಪನ ಕೈಯೂ ಗಟ್ಟಿಯಲ್ಲ. ಬಿಡದ ಆ ಹುಡುಗರೇ ಸರಿ.

ಪಾಪು ಹತ್ತಿದ್ದು ಎರಡು ಆಟ. ಕುದುರೆಗಳು ಸುತ್ತುವ ಮೆರ್ರಿ ಗೋ ರೌಂಡಿನಲ್ಲಿ ಕುದುರೆಯ ಮೇಲೆ ಕೂರಲೊಲ್ಲದೆ ಅಮ್ಮನ ಸೊಂಟದಲ್ಲೇ ಸುತ್ತಿದ. ಪುಟ್ಟ ರೈಲಿನಲ್ಲಿ ಖುಷಿಯಾಗಿದ್ದ. ಅಷ್ಟರಲ್ಲಿ ದೊಡ್ಡ ತಲೆಯ ಗೊಂಬೆಯ ವೇಷ ಹಾಕಿಕೊಂಡ ಒಬ್ಬರು ಕೈಕುಲುಕಲು ಬಂದರು. ಪಾಪು ಕಿರುಚಿದ ಕಿರುಚಿಗೆ ಆ ಗೊಂಬೆಯೇ ಎರಡು ಹೆಜ್ಜೆ ಹಿಂದೆ ಹೋಯಿತು. "ಮನೆ, ಮನೆ" ಎಂದು ಶುರು ಮಾಡಿದ. ಗಂಟೆ ಹನ್ನೊಂದೂ ಆಗಿರಲಿಲ್ಲ.

ಆಗ ನಡೆದದ್ದನ್ನು ನೀವೂ ಊಹಿಸಬಲ್ಲಿರಿ, ಏಕೆಂದರೆ ಎಲ್ಲ ಮನೆಗಳಲ್ಲೂ ನಡೆಯುವುದು ಅದೇ. ಗಂಡ, ಮೈದುನ ಮತ್ತು ಬಸ್ಸಿನ ಇತರ ಹುಡುಗರು ರೋಲರ್ ಕೋಸ್ಟರ್ ಕಡೆ ನಡೆದರು. "ಒಂದೇ ರೌಂಡು, ಬಂದ್ಬಿಡ್ತೀವಿ" ಎಂದರು. ಸಾಲು ಉದ್ದವಿತ್ತು, ಒಂದು ಮುಗಿದ ಮೇಲೆ ಪಕ್ಕದ್ದು, ಅದರ ಪಕ್ಕದ್ದು. ಅಜ್ಜಿ ಮಂಡಿನೋವೆಂದು ಕೂತರು. ತಾಯಿ ಮಗುವನ್ನು ಎತ್ತಿಕೊಂಡು ಬೇವಿನ ಮರದ ಕೆಳಗಿನ ಬೆಂಚಿಗೆ ಬಂದಳು. ಅಲ್ಲಿ ನಾವೂ ಇದ್ದೆವು. ನಾವು ಒಂದು ರೈಡು ಹತ್ತಿ ಇಳಿದಿದ್ದೆವು. ಇಳಿದ ಮೇಲೆ ಭೂಮಿ ನಿಲ್ಲಲು ಕಾಲು ಗಂಟೆ ಬೇಕಾಯಿತು, ಆ ಕಥೆ ಇನ್ನೊಮ್ಮೆ.

"ಡಿಗ್ರಿ ಓದುವಾಗ ಕಾಲೇಜಿನಿಂದ ಇಲ್ಲಿಗೆ ಟೂರ್ ಹಾಕಿದ್ರು ಫಾದರ್" ಎಂದಳು ಆಕೆ, ಮಗುವಿನ ಬೆನ್ನು ತಟ್ಟುತ್ತ. "ಅಪ್ಪ ಕಳಿಸ್ಲಿಲ್ಲ. ಮದುವೆ ಆದ್ಮೇಲೆ ಗಂಡನ ಜೊತೆ ಹೋಗು ಅಂದ್ರು."

ಗಂಡನ ಜೊತೆ ಬಂದಿದ್ದಳು. ಬೆಂಚಿನ ತನಕ.

ಬೆಂಚು ಎಂದಾಗ ನಮಗೆ ಒಂದು ಹಳೆಯ ಕಥೆ ನೆನಪಾಯಿತು, ಆಕೆಗೂ ಹೇಳಿದೆವು. ಅಮೆರಿಕದ ವಾಲ್ಟ್ ಡಿಸ್ನಿ ಹೆಸರು ಕೇಳದ ಮಕ್ಕಳಿಲ್ಲ. ಮಿಕ್ಕಿ ಇಲಿಯನ್ನು ಜಗತ್ತಿಗೆ ಕೊಟ್ಟವರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ರಜಾದಿನ ಬಂದರೆ ಆ ಮಕ್ಕಳನ್ನು ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದರು. ಮಕ್ಕಳು ಕುದುರೆಗಳ ಮೇಲೆ ಕೂತು ಸುತ್ತುವಾಗ ಡಿಸ್ನಿ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕಾಯುತ್ತಿದ್ದರು. ಅಪ್ಪ ಅಮ್ಮನೂ ಮಕ್ಕಳೂ ಕೂಡಿ ಆಡುವ ಜಾಗ ಯಾಕಿಲ್ಲ ಎಂಬ ಯೋಚನೆ ಅವರಿಗೆ ಬಂದದ್ದು ಅಲ್ಲೇ ಎಂದು ಅವರೇ ಹೇಳಿಕೊಂಡಿದ್ದಾರೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆಯಿತು. ಜಗತ್ತಿನ ಥೀಮ್ ಪಾರ್ಕುಗಳಿಗೆಲ್ಲ ಅದೇ ಮಾದರಿಯಾಯಿತು. ನಮ್ಮಲ್ಲಿ 1984ರಲ್ಲಿ ದೆಹಲಿಯ ಅಪ್ಪು ಘರ್ ಬಂತು; ಏಷ್ಯನ್ ಕ್ರೀಡಾಕೂಟದ ಆನೆಮರಿಯ ಹೆಸರು ಅದಕ್ಕೆ, 2008ರಲ್ಲಿ ಮುಚ್ಚಿತು. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್, 2005ರಲ್ಲಿ ಅದರದೇ ಬಳಗದ ವಂಡರ್‌ಲಾ ಬಿಡದಿಯಲ್ಲಿ. ನೀಲಗಿರಿಯ ನಮ್ಮ ಓದುಗರಿಗೆ ಬೆಟ್ಟ ಇಳಿದರೆ ಮೇಟ್ಟುಪಾಳ್ಯಂ ಹತ್ತಿರ ಬ್ಲ್ಯಾಕ್ ಥಂಡರ್ ಇದೆ.

ಬೆಂಚಿನ ಮೇಲೆ ಯಾರೂ ಸುಮ್ಮನೆ ಕೂರಬಾರದು ಎಂದು ಹುಟ್ಟಿದ್ದು ಇದೆಲ್ಲ. ಆಕೆ ಕೇಳಿ ನಕ್ಕಳು. "ಆ ಡಿಸ್ನಿ ಅವರ ಹೆಂಡತಿ ಎಲ್ಲಿ ಕೂತಿದ್ರೋ" ಎಂದಳು. ನಮ್ಮ ಬಳಿ ಉತ್ತರವಿರಲಿಲ್ಲ.

ಈಗ ನಾವು ಬರೆಯಬೇಕಾದ ಭಾಗಕ್ಕೆ ಬರುತ್ತೇವೆ.

ಊಟ ಮುಗಿಸಿ ಎಲ್ಲರೂ ನೀರಾಟದ ಕಡೆ ಹೋದರು. ಚಿಕ್ಕ ಮಕ್ಕಳಿಗೆಂದೇ ಮೊಣಕಾಲುದ್ದದ ಕೊಳ, ಅದರಲ್ಲಿ ಅಣಬೆಯಾಕಾರದ ಕಾರಂಜಿ. ಬೆಳಗಿನಿಂದ ಒಮ್ಮೆಯೂ ಮಗುವನ್ನು ಇಳಿಸದ ತಾಯಿ ಶೌಚಾಲಯಕ್ಕೆ ಹೋಗಬೇಕಿತ್ತು. "ಸ್ವಲ್ಪ ನೋಡ್ಕೋ, ಈಗ ಬಂದೆ" ಎಂದು ಮೈದುನನಿಗೆ ಹೇಳಿದಳು. ಅವನು ತಲೆಯಾಡಿಸಿದ, ಕೈಯಲ್ಲಿ ಮೊಬೈಲ್. ಅಷ್ಟರಲ್ಲಿ ಗಂಡ ಬಂದ; ಅಣ್ಣ ಬಂದನಲ್ಲ ಎಂದು ಮೈದುನ ಆಚೆ ಸರಿದ. ಗಂಡ, ಮಗು ತಮ್ಮನ ಹತ್ತಿರವಿದೆ ಎಂದುಕೊಂಡ. ಅಜ್ಜಿ, ಸೊಸೆಯ ಜೊತೆ ಹೋಗಿದೆ ಎಂದುಕೊಂಡರು. ಐದು ಹೆಜ್ಜೆ ದೂರದಲ್ಲಿ ದಿನಪತ್ರಿಕೆ ಹಿಡಿದು ಕೂತಿದ್ದ ನಾವು, ಇಷ್ಟು ಜನರಿದ್ದಾರಲ್ಲ ಎಂದುಕೊಂಡೆವು.

ತಾಯಿ ವಾಪಸು ಬಂದು "ಪಾಪು ಎಲ್ಲಿ?" ಎಂದಳು.

ಆ ಎರಡು ಪದ ಕೇಳಿದಾಗ ಎದೆಯಲ್ಲಿ ಏನಾಗುತ್ತದೆಂದು ಇಲ್ಲಿ ವರ್ಣಿಸುವುದಿಲ್ಲ. ಎಲ್ಲರ ಕಣ್ಣೂ ನೀರಿನ ಕಡೆಯೇ ಹೋಯಿತು. ಕಾವಲಿನ ಹುಡುಗರು ಸೀಟಿ ಊದಿ ಮಕ್ಕಳನ್ನು ಮೇಲೆ ಹತ್ತಿಸಿದರು, ಕೊಳದ ಉದ್ದಕ್ಕೂ ಸಾಲಾಗಿ ನಡೆದು ಕಾಲಿನಲ್ಲಿ ತಡವಿದರು. ಧ್ವನಿವರ್ಧಕದಲ್ಲಿ ಮಗುವಿನ ಹೆಸರು ಕೂಗಿಸಿದರು. ಅದೇ, ದಾಖಲೆ ಪುಸ್ತಕದ ಹೆಸರು. ಪಾಪುವಿಗೆ ಆ ಹೆಸರು ತನ್ನದೆಂದೇ ಗೊತ್ತಿಲ್ಲ. ಪಾಪು ಎಂದು ಕೂಗಿಸೋಣವೆಂದರೆ ಆ ಪಾರ್ಕಿನಲ್ಲಿ ಅಂದು ನೂರು ಪಾಪುಗಳು. ಅಂಗಿ ಯಾವ ಬಣ್ಣ ಎಂದು ಕೇಳಿದರು. ಬೆಳಿಗ್ಗೆ ವಾಂತಿಯಾದ ಮೇಲೆ ಬದಲಿಸಿದ್ದು. ಅಪ್ಪ ನೀಲಿ ಎಂದ, ಅಜ್ಜಿ ಹಳದಿ ಎಂದರು. ಹಸಿರು ಎಂದು ಸರಿಯಾಗಿ ಹೇಳಿದ್ದು ತಾಯಿ ಒಬ್ಬಳೇ, ಅಳುತ್ತ.

ಅಷ್ಟು ಹೊತ್ತಿಗೆ ಸುತ್ತ ಜನ ಸೇರಿದ್ದರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, "ತಾಯಿ ಎಲ್ಲಿ ಹೋಗಿದ್ದಳು?" ಅಪ್ಪ ಎಲ್ಲಿದ್ದ ಎಂದು ಒಬ್ಬರೂ ಕೇಳಲಿಲ್ಲ. ಫಾದರ್ ಎಲ್ಲಿದ್ದರು ಎಂದೂ ಕೇಳಲಿಲ್ಲ. ನಿಜ ಹೇಳಿಬಿಡುತ್ತೇವೆ. ನಮ್ಮ ಮನಸ್ಸಿನಲ್ಲಿ ಮೊದಲು ಬಂದದ್ದೂ ಅದೇ ಪ್ರಶ್ನೆ. ಬೆಳಗಿನಿಂದ ಆಕೆಯ ಪಕ್ಕದಲ್ಲೇ ಕೂತು ಎಲ್ಲ ನೋಡಿದವರು ನಾವು. ಆದರೂ ಬಂತು.

ಹತ್ತು ನಿಮಿಷ ಕಳೆದಿರಬೇಕು. ಕೊಳದ ಹಿಂಬದಿ, ಕಾಲು ತೊಳೆಯುವ ಜಾಗದ ಆಚೆ, ತೋಟದ ಪೈಪು ಸೋರಿ ಕೆಸರಾದಲ್ಲಿ ಪಾಪು ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಯಾರೋ ಎಸೆದ ಕಾಗದದ ಲೋಟ. ತುಂಬಿಸುವುದು, ಚೆಲ್ಲುವುದು, ತುಂಬಿಸುವುದು. ಕಸ ಗುಡಿಸುವ ಹೆಂಗಸೊಬ್ಬರು ಪೊರಕೆ ಊರಿಕೊಂಡು ಪಕ್ಕದಲ್ಲೇ ನಿಂತಿದ್ದರು. "ಒಬ್ಬನೇ ಇದ್ದ. ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ" ಎಂದರು. ಆ ದಿನ ಮಗುವನ್ನು ನಿಜವಾಗಿ ನೋಡಿಕೊಂಡವರು ಆಕೆ.

ಬದುಕಿದೆವು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಆ ಹತ್ತು ನಿಮಿಷ ಅವನು ಎಡಕ್ಕೆ ನಡೆಯದೆ ಬಲಕ್ಕೆ, ನೀರಿನ ಕಡೆ ನಡೆದಿದ್ದರೆ? ನೀರಿನಲ್ಲಿ ಮುಳುಗಿ ಸಾಯುವವರ ಪ್ರಮಾಣ ಜಗತ್ತಿನಲ್ಲಿ ಅತಿ ಹೆಚ್ಚು ಇರುವುದು ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ವಯಸ್ಸಿನ ಮಗುವಿಗೆ ಮೈಯ ಲೆಕ್ಕದಲ್ಲಿ ತಲೆ ಭಾರ. ಮುಗ್ಗರಿಸಿ ಬೋರಲು ಬಿದ್ದರೆ ಎದ್ದು ಕೂರಲು ಬಾರದು. ಎರಡು ಅಂಗುಲ ನೀರೂ ಸಾಕು. ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬಡಿಯುವುದು, ಕೂಗುವುದು ಇರುವುದಿಲ್ಲ. ಸದ್ದಿಲ್ಲದೆ ಮುಗಿಯುತ್ತದೆ. ತೋಳಿಗೆ ಹಾಕುವ ಗಾಳಿ ತುಂಬಿದ ಬಳೆಗಳನ್ನು ನಂಬಬೇಡಿ, ಅವು ಆಟದ ಸಾಮಾನು. ಕಾವಲಿನ ಹುಡುಗ ಇದ್ದಾನೆ ಎಂದೂ ನಂಬಬೇಡಿ. ಅವನಿಗೆ ಅರವತ್ತು ತಲೆ, ನಿಮಗೆ ಒಂದೇ.

ತುಂಬಾ ಜನ ಇರುವಲ್ಲಿ ಮಗು ಕ್ಷೇಮ ಎಂದು ನಾವೆಲ್ಲ ನಂಬಿದ್ದೇವೆ. ನಮಗೆ ಅಂದು ಕಂಡದ್ದು ಬೇರೆ. ಒಬ್ಬರೇ ಇದ್ದರೆ ಆ ಒಬ್ಬರು ನೋಡುತ್ತಾರೆ. ಐದು ಜನ ಇದ್ದರೆ ಯಾರೂ ನೋಡುವುದಿಲ್ಲ. ಆದ್ದರಿಂದ ಬಸ್ಸು ಹತ್ತುವ ಮೊದಲೇ, ಯಾವ ಗಂಟೆಯಿಂದ ಯಾವ ಗಂಟೆಗೆ ಮಗು ಯಾರದು ಎಂದು ಮಾತಾಡಿಕೊಳ್ಳಿ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವಾಗ "ನೋಡ್ಕೋ" ಸಾಲದು. "ಈಗ ನಿನ್ನ ಹತ್ರ" ಎಂದು ಹೇಳಬೇಕು, ಪಡೆದವರು "ಹೂಂ, ನನ್ನ ಹತ್ರ" ಎನ್ನಬೇಕು. ಹಿಡಿದವರ ಕೈಯಲ್ಲಿ ಮೊಬೈಲ್ ಇರಬಾರದು, ದಿನಪತ್ರಿಕೆಯೂ. ಬೆಳಿಗ್ಗೆ ಮಗುವಿನ ಒಂದು ಫೋಟೋ ತೆಗೆಯಿರಿ, ಅಂಗಿ ಬದಲಿಸಿದರೆ ಮತ್ತೊಂದು. ಮಗುವಿನ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಕೇಳಿ ಬೆಳೆಯುವ ನಮ್ಮ ಗಡಿಯ ಮಕ್ಕಳು ಎರಡು ವರ್ಷಕ್ಕೆ ಯಾವ ಭಾಷೆಯಲ್ಲೂ ತಮ್ಮ ಊರು ಹೇಳಲಾರವು. ಅಂಕಿಗಳನ್ನು ಎಲ್ಲರೂ ಓದಬಲ್ಲರು.

ಇನ್ನು ಬಿಸಿಲು. ಆ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಉಷ್ಣಾಂಶ 38 ಡಿಗ್ರಿ ದಾಟಿತ್ತು. ಚಿಕ್ಕ ಮೈ ನಮ್ಮದಕ್ಕಿಂತ ಬೇಗ ಕಾಯುತ್ತದೆ, ಬಾಯಾರಿಕೆ ಎಂದು ಹೇಳಲು ಬರುವುದಿಲ್ಲ. ಮೂತ್ರ ಕಡಿಮೆಯಾದರೆ, ತುಟಿ ಒಣಗಿದರೆ, ಅತ್ತಾಗ ಕಣ್ಣೀರು ಬಾರದಿದ್ದರೆ ಆಟ ಸಾಕು ಎಂದು ಅರ್ಥ. ಓ.ಆರ್.ಎಸ್. ಪೊಟ್ಟಣ ಚೀಲದಲ್ಲಿರಲಿ, ದೊಡ್ಡ ಪೊಟ್ಟಣಕ್ಕೆ ಪೂರಾ ಒಂದು ಲೀಟರ್ ನೀರು, ಲೋಟಕ್ಕೆ ಇಷ್ಟಿಷ್ಟು ಉದುರಿಸಬಾರದು. ಹೊರಗಿನ ಬುತ್ತಿ ಬಿಡದ ಪಾರ್ಕುಗಳೂ ಸಾಮಾನ್ಯವಾಗಿ ಎಳೆಮಕ್ಕಳ ಆಹಾರ ಬಿಡುತ್ತಾರೆ, ಬಾಗಿಲಲ್ಲಿ ಬಾಯಿಬಿಟ್ಟು ಕೇಳಿ. ಮಾಮೂಲಿ ಡಯಾಪರ್ ನೀರಿಗಿಳಿದರೆ ಊದಿ ಮಗುವಿಗಿಂತ ಭಾರವಾಗುತ್ತದೆ. ನೀರಿಗೆಂದೇ ಬೇರೆ ಸಿಗುತ್ತದೆ. ಹತ್ತಿ ಬಟ್ಟೆ ಹಾಕಿಕೊಂಡವರನ್ನು ಬಹಳ ಕಡೆ ನೀರಿಗೆ ಬಿಡುವುದಿಲ್ಲ, ನೈಲಾನ್ ಒಯ್ಯಿರಿ, ಇಲ್ಲದಿದ್ದರೆ ಒಳಗಿನ ಅಂಗಡಿಯಲ್ಲಿ ಕೊಳ್ಳಬೇಕಾದೀತು. ಎಲ್ಲಕ್ಕಿಂತ ಮುಖ್ಯ, ಮಧ್ಯಾಹ್ನದ ನಿದ್ದೆ. ಟಿಕೆಟ್ ದುಬಾರಿ, ಆದ್ದರಿಂದ ಮುಚ್ಚುವ ತನಕ ಇರಬೇಕು ಎಂಬ ಹಠ ದೊಡ್ಡವರದು. ಎರಡು ವರ್ಷದ ಮಗುವಿನ ಪಾರ್ಕು ಬೆಳಗಿನ ಎರಡು ಗಂಟೆ, ಸಂಜೆ ಒಂದು ಗಂಟೆ. ನಡುವೆ ನೆರಳು, ನಿದ್ದೆ.

ಅಂದು ಮೂರು ಗಂಟೆಗೆ ನಾವು ಆ ದಂಪತಿಗಳನ್ನು ಕರೆದು, ಪಾಪುವನ್ನು ನಮಗೆ ಕೊಡಿ ಎಂದೆವು. "ಬೇಡ ಫಾದರ್, ಹಟ ಮಾಡ್ತಾನೆ" ಎಂದಳು ತಾಯಿ. ಅಜ್ಜಿ ಮಧ್ಯೆ ಬಾಯಿ ಹಾಕಿದರು: "ಹೋಗು ತಾಯಿ. ಸ್ವಾಮಿಗಳು ಬೆಳಗಿನಿಂದ ಪೇಪರ್ ಓದಿದ್ದು ಸಾಕು." ಡಿಸ್ನಿ ಪಾರ್ಕುಗಳಲ್ಲಿ ಇದಕ್ಕೆ ಒಂದು ಏರ್ಪಾಡೇ ಇದೆಯಂತೆ, ಒಬ್ಬರು ಆಡಿ ಬರುವ ತನಕ ಇನ್ನೊಬ್ಬರು ಮಗು ಹಿಡಿದು ನಿಲ್ಲಬೇಕು, ಆಮೇಲೆ ಅವರು ಮತ್ತೆ ಸಾಲು ನಿಲ್ಲದೆ ಒಳಗೆ ಹೋಗಬಹುದು. ನಮ್ಮಲ್ಲಿ ಸಾಲು ತಪ್ಪಲಿಲ್ಲ, ಆದರೂ ಆಕೆ ಹೋದಳು.

ಪಾಪುವನ್ನು ಅದೇ ಸೋರುವ ಪೈಪಿನ ಹತ್ತಿರ ಕರೆದೊಯ್ದೆವು. ಬೇರೆ ಎಲ್ಲಿಗೂ ಅವನು ಬರಲೊಪ್ಪಲಿಲ್ಲ. ಲೋಟ ತುಂಬಿಸಿದ, ಚೆಲ್ಲಿದ. ನಲವತ್ತರ ತನಕ ಎಣಿಸಿ ಬಿಟ್ಟೆವು. ಟಿಕೆಟ್ಟಿಲ್ಲದೆ ಮನೆಯ ನಲ್ಲಿಯಲ್ಲೂ ಸಿಗುವ ಆಟ ಇದು ಎಂದು ಅನಿಸಿತು. ಮನೆಯಲ್ಲಿ ನೀರು ಪೋಲು ಎಂದು ನಾವೇ ಗದರಿಸುತ್ತೇವಲ್ಲ. ಆಮೇಲೆ ಅವನು ಕೆಸರು ಕೈಯಲ್ಲೇ ನಮ್ಮ ಭುಜಕ್ಕೆ ಒರಗಿ ಮಲಗಿದ. ಮಲಗಿದ ಮಗು ಎಷ್ಟು ಭಾರ ಎಂಬುದು ನಮಗೆ ಹೊಸ ತಿಳಿವಳಿಕೆ. ಒಂದು ಗಂಟೆಗೆ ತೋಳು ಜೋಮು ಹಿಡಿಯಿತು. ಆಕೆ ಬೆಳಗಿನಿಂದ ಹೊತ್ತಿದ್ದಳು.

ನಾಲ್ಕೂಕಾಲಿಗೆ ಗಂಡ ಹೆಂಡತಿ ಬಂದರು. ಆಕೆಯ ಕೂದಲು ಕೆದರಿತ್ತು, ಕೂಗಿ ಕೂಗಿ ಗಂಟಲು ಕಟ್ಟಿತ್ತು. ಮೂರು ರೈಡು ಹತ್ತಿದ್ದಳಂತೆ. ಗಂಡ ಎರಡನೆಯದಕ್ಕೇ ಸುಸ್ತಾಗಿ ಕೂತನಂತೆ.

ವಾಪಸು ಬರುವಾಗ ಅವನು ನಮ್ಮ ಪಕ್ಕ ಬಂದು ಕೂತ. "ಇಷ್ಟು ಖರ್ಚು ಮಾಡಿದ್ವಿ. ದೊಡ್ಡವನಾದ್ಮೇಲೆ ಇವನಿಗೆ ಇದೆಲ್ಲ ನೆನಪಿರುತ್ತಾ ಫಾದರ್?" ಎಂದು ಕೇಳಿದ. ಇರುವುದಿಲ್ಲ ಎಂದೆವು. ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದು ಸಾಮಾನ್ಯವಾಗಿ ಯಾರಿಗೂ ನೆನಪಿರುವುದಿಲ್ಲ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ನಮ್ಮ ಬಾಲ್ಯವನ್ನೇ ತಡಕಿ ನೋಡಿದರೆ ಸಾಕು. "ಹಾಗಾದ್ರೆ ಇದು ಯಾರಿಗೆ?" ಎಂದ. ನಾವು ಮುಂದಿನ ಸೀಟಿನ ಕಡೆ ನೋಡಿದೆವು. ಆಕೆ ಮಗುವನ್ನು ಅತ್ತೆಯ ಮಡಿಲಲ್ಲಿ ಮಲಗಿಸಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಅವನೂ ನೋಡಿದ. ಆಮೇಲೆ ಏನೂ ಕೇಳಲಿಲ್ಲ.

ಮರುವರ್ಷ ಅವರು ತಾವಾಗಿಯೇ ಮತ್ತೆ ಹೋಗಿದ್ದರು, ಜನವರಿಯಲ್ಲಿ, ಬಿಸಿಲು ಏರುವ ಮೊದಲು. ಸಂಜೆ ನಮ್ಮ ಮೊಬೈಲಿಗೆ ಒಂದು ಫೋಟೋ ಬಂತು. ಬೇವಿನ ಮರದ ಕೆಳಗಿನ ಅದೇ ಬೆಂಚು, ಮೇಲೆ ಅಪ್ಪ, ಅವನ ಭುಜದ ಮೇಲೆ ಬಾಯಿ ತೆರೆದು ಮಲಗಿದ ಪಾಪು. ಮುಂಗೈ ಮೇಲೆ ನೀಲಿ ಶಾಯಿಯ ಹತ್ತು ಅಂಕಿಗಳು. ಪಕ್ಕದಲ್ಲಿ ಅಜ್ಜಿ ಐಸ್‌ಕ್ರೀಮ್ ತಿನ್ನುತ್ತಿದ್ದರು. ಆಕೆ ಫೋಟೋದಲ್ಲಿ ಎಲ್ಲೂ ಇರಲಿಲ್ಲ.